ತುಳಸಿ ಕುಂಡದಲ್ಲಿ ಸಿಕ್ಕಿದ್ದು ನಾಗರಹಾವಿನ ಮರಿಯಲ್ಲ

ನಮಸ್ಕಾರ. ಜಯನಗರದ ಮನೆಯಲ್ಲಿ ತುಳಸಿ ಕುಂಡದ ಮಣ್ಣು ಬದಲಿಸುವಾಗ ಸಿಕ್ಕ ಕಪ್ಪು ಹುಳ ನಾಲಿಗೆ ಚಾಚಿತು, ನಾಗರಹಾವಿನ ಮರಿಯಾ ಅಂತ ಕೇಳಿದ್ದೀರಿ. ಅಲ್ಲ. ನಾಲಿಗೆ ಚಾಚಿತು ಅಂದಮೇಲೆ ಎರೆಹುಳವೂ ಅಲ್ಲ. ನೀವು ಹೇಳಿದ್ದೆಲ್ಲ ಕುರುಡು ಹಾವಿನ ಲಕ್ಷಣ. ಪೂರ್ತಿ ಬೆಳೆದರೂ ಒಂದು ಗೇಣು ಮೀರುವುದಿಲ್ಲ. ವಿಷ ಇಲ್ಲ. ಇರುವೆ, ಗೆದ್ದಲಿನ ಮೊಟ್ಟೆ, ಮರಿಗಳೇ ಇದರ ಊಟ.

ನನಗೆ ತುಂಬಾ ಇಷ್ಟವಾದ ಸಂಗತಿ ಅಂದರೆ, ಈ ಜಾತಿಯಲ್ಲಿ ಗಂಡೇ ಇಲ್ಲ! ಹೆಣ್ಣು ಒಂಟಿಯಾಗಿಯೇ ಮೊಟ್ಟೆಯಿಟ್ಟು ಮರಿ ಮಾಡುತ್ತದೆ. ಗಿಡದ ಮಣ್ಣಿನ ಜೊತೆ ಒಂದೇ ಒಂದು ಹಾವು ಹೋದರೂ ಸಾಕು, ಹೊಸ ಊರಲ್ಲಿ ಸಂಸಾರ ಶುರು. ಹವಾಯಿ, ಫ್ಲೋರಿಡಾವರೆಗೂ ಹೀಗೇ ತಲುಪಿದೆ.

ದಯವಿಟ್ಟು ಕೊಲ್ಲಬೇಡಿ, ಉಪ್ಪು ಸುರಿಯಬೇಡಿ. ಒದ್ದೆ ಮಣ್ಣಿನ ಮೇಲೆ ಬಿಡಿ, ತಾನೇ ಒಳಗೆ ಹೋಗುತ್ತದೆ.