ಜರ್ಮನಿಯ ನರ್ಡ್‌ಲಿಂಗೆನ್ ಪಟ್ಟಣ ಉಲ್ಕಾಕುಳಿಯೊಳಗಿದೆ ಎನ್ನುವುದು ನಿಜವೇ? ಅಲ್ಲಿ ನೋಡಬೇಕಾದದ್ದೇನು?

ನಿಜ. ಬವೇರಿಯಾ ರಾಜ್ಯದ ಪಶ್ಚಿಮ ಅಂಚಿನಲ್ಲಿರುವ, ಸುಮಾರು 20,000 ಜನರ ಈ ಪಟ್ಟಣವು ಸರಿಸುಮಾರು 1.5 ಕೋಟಿ ವರ್ಷಗಳ ಹಿಂದೆ ಕ್ಷುದ್ರಗ್ರಹವೊಂದು ಅಪ್ಪಳಿಸಿದ್ದರಿಂದ ಉಂಟಾದ, ಸುಮಾರು 24 ಕಿಲೋಮೀಟರ್ ವ್ಯಾಸದ ರೀಸ್ ಕುಳಿಯೊಳಗೆ, ಏಗರ್ ನದಿಯ ದಡದಲ್ಲಿದೆ. ಆದರೆ ನೆಲದ ಮೇಲೆ ನಿಂತವರಿಗೆ ಕಾಣುವುದು ಹೊಲಗಳ ಬಯಲು, ದೂರದಲ್ಲಿ ತಗ್ಗಾದ ಗುಡ್ಡಗಳ ಸಾಲು, ಅಷ್ಟೆ. ಬಹುಕಾಲ ಇದನ್ನು ಜ್ವಾಲಾಮುಖಿಯ ಕುಳಿಯೆಂದೇ ಭಾವಿಸಲಾಗಿತ್ತು. ಜ್ವಾಲಾಮುಖಿ ಸ್ಫೋಟದಲ್ಲಿ ಉಂಟಾಗದಷ್ಟು ಅತ್ಯಧಿಕ ಒತ್ತಡದಲ್ಲಿ ರೂಪುಗೊಳ್ಳುವ ಕೋಯೆಸೈಟ್ ಎಂಬ ಖನಿಜವನ್ನು ಭೂವಿಜ್ಞಾನಿಗಳಾದ ಯೂಜೀನ್ ಶೂಮೇಕರ್ ಮತ್ತು ಎಡ್ವರ್ಡ್ ಚಾವೊ 1960ರ ದಶಕದ ಆರಂಭದಲ್ಲಿ ಇಲ್ಲಿನ ಶಿಲೆಯಲ್ಲಿ ಗುರುತಿಸಿದ ಮೇಲೆಯೇ ಆ ನಂಬಿಕೆ ಬಿದ್ದುಹೋಯಿತು. 1970ರಲ್ಲಿ ಅಪೊಲೊ ಗಗನಯಾತ್ರಿಗಳು ಚಂದ್ರನ ಶಿಲೆಗಳನ್ನು ಗುರುತಿಸುವ ಅಭ್ಯಾಸಕ್ಕಾಗಿ ಇಲ್ಲಿಗೆ ಬಂದಿದ್ದರು.

ನೋಡುವ ಸ್ಥಳಗಳಲ್ಲಿ ನನ್ನ ಮಟ್ಟಿಗೆ ಮೊದಲನೆಯದು ಸಂತ ಜಾರ್ಜ್ ಚರ್ಚಿನ, 'ಡೇನಿಯಲ್' ಎಂದು ಕರೆಯಲಾಗುವ, ಸುಮಾರು 90 ಮೀಟರ್ ಎತ್ತರದ ಗೋಪುರ. ಅದನ್ನು ಕಟ್ಟಿರುವುದು ಆ ಅಪ್ಪಳಿಕೆಯಿಂದಲೇ ಹುಟ್ಟಿದ ಸ್ಯೂವೈಟ್ ಶಿಲೆಯಿಂದ, ಈ ಶಿಲೆಯಲ್ಲಿ ಅತಿಸೂಕ್ಷ್ಮ ವಜ್ರದ ಕಣಗಳೂ ಇವೆ (ಒಡವೆಗೆ ಉಪಯೋಗವಿಲ್ಲ!). ಮೇಲೇರಿದರೆ ಕೆಂಪು ಹೆಂಚಿನ ಮನೆಗಳನ್ನು ಸುತ್ತುವರಿದ ವರ್ತುಲಾಕಾರದ ಕೋಟೆಗೋಡೆ ಸ್ಪಷ್ಟವಾಗಿ ಕಾಣುತ್ತದೆ. ಐದು ದ್ವಾರಗಳುಳ್ಳ, ಸುಮಾರು 2.7 ಕಿಲೋಮೀಟರ್ ಉದ್ದದ ಈ ಗೋಡೆಯ ಮೇಲೆ ಮಾಡಿನ ಕೆಳಗೇ ನಡೆಯುತ್ತ ಊರನ್ನು ಪೂರ್ತಿ ಸುತ್ತಿಬರಬಹುದು. ರೀಸ್ ಕುಳಿ ವಸ್ತುಸಂಗ್ರಹಾಲಯವು ಗೋಡೆಯೊಳಗಿನ ಹಳೆಯ ಊರಿನಲ್ಲೇ ಇದೆ.