ಯುಕೆಜಿ ಮಗುವಿಗೆ ಎಷ್ಟು ಹೋಂವರ್ಕ್ ಸರಿ?

ಪ್ರಶ್ನೆ: ನನ್ನ ಮಗಳಿಗೆ ಐದು ವರ್ಷ, ಯುಕೆಜಿ ಓದುತ್ತಿದ್ದಾಳೆ. ದಿನಾ ಮೂರು ಪುಟ ಬರೆಯಲು ಕೊಡುತ್ತಾರೆ. ಒಂದು ಪುಟ ಕನ್ನಡ ಅಕ್ಷರ, ಒಂದು ಪುಟ ಇಂಗ್ಲಿಷ್ ಪದ, ಇನ್ನೊಂದು ಪುಟ ಅಂಕಿ. ಮುಗಿಸಲು ಮುಕ್ಕಾಲು ಗಂಟೆಯಾದರೂ ಬೇಕು. ಮೊದಲ ಎರಡು ಸಾಲು ಚೆನ್ನಾಗಿ ಬರೆಯುತ್ತಾಳೆ. ಆಮೇಲೆ ಕೈ ನೋವು, ನೀರು ಬೇಕು, ಟಾಯ್ಲೆಟ್ ಬಂತು ಅಂತ ಶುರು. ಕೊನೆಗೆ ನಾನು ಗದರಿಸುತ್ತೇನೆ, ಅವಳು ಅಳುತ್ತಾಳೆ. ಎಷ್ಟೋ ದಿನ ಅವಳ ಕೈ ಹಿಡಿದು ನಾನೇ ಬರೆಸಿ ಮುಗಿಸಿದ್ದೇನೆ. ಈಗಲೇ ಅಭ್ಯಾಸ ಆಗಲಿ ಅಂತಾರೆ ನಮ್ಮ ಯಜಮಾನರು. ನಿಜವಾಗಲೂ ಇಷ್ಟು ಬೇಕಾ?

ಉತ್ತರ: ಬೇಡ. ಯಾಕೆ ಬೇಡ ಅನ್ನುವುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ನಿಮ್ಮ ಯಜಮಾನರಿಗೂ ಓದಲು ಕೊಡಿ.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಹ್ಯಾರಿಸ್ ಕೂಪರ್ ಬಹಳ ವರ್ಷ ಹೋಂವರ್ಕ್ ಬಗ್ಗೆಯೇ ಕೆಲಸ ಮಾಡಿದವರು. ಅವರು ಹೋಂವರ್ಕ್ ವಿರೋಧಿಯೇನಲ್ಲ. 2006ರಲ್ಲಿ ಅವರೂ ಸಂಗಡಿಗರೂ ಸೇರಿ 1987ರಿಂದ 2003ರವರೆಗೆ ಅಮೆರಿಕದಲ್ಲಿ ನಡೆದ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ದೊಡ್ಡ ತರಗತಿಗಳಲ್ಲಿ ಹೋಂವರ್ಕ್‌ಗೂ ಕಲಿಕೆಗೂ ನಂಟು ಚೆನ್ನಾಗಿ ಕಂಡಿತು. ಚಿಕ್ಕ ತರಗತಿಗಳಿಗೆ ಬಂದರೆ ಆ ನಂಟು ತೀರಾ ತೆಳು. ಅಮೆರಿಕದ ಶಿಕ್ಷಕರ ಮತ್ತು ಪೋಷಕರ ಸಂಘಗಳು ಒಪ್ಪಿಕೊಂಡಿರುವ ಒಂದು ಸರಳ ಲೆಕ್ಕವೂ ಇದೆ. ತರಗತಿ ಎಷ್ಟನೆಯದೋ ಅದನ್ನು ಹತ್ತರಿಂದ ಗುಣಿಸಿ, ಅಷ್ಟು ನಿಮಿಷ ಸಾಕು. ಒಂದನೇ ತರಗತಿಗೆ ಹತ್ತು ನಿಮಿಷ, ಎರಡಕ್ಕೆ ಇಪ್ಪತ್ತು. ಯುಕೆಜಿ ಈ ಲೆಕ್ಕದೊಳಗೆ ಬರುವುದೇ ಇಲ್ಲ.

ಆದರೂ ಕೊಡುತ್ತಾರೆ, ನಿಮ್ಮ ಶಾಲೆಯಲ್ಲಿ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದ ಪ್ರಾವಿಡೆನ್ಸ್ ಎಂಬ ಊರಿನ ಕಡೆ ಸಾವಿರಕ್ಕೂ ಹೆಚ್ಚು ಪೋಷಕರನ್ನು ಕೇಳಿ ಮಾಡಿದ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅಲ್ಲಿ ಕಿಂಡರ್‌ಗಾರ್ಟನ್ ಮಕ್ಕಳಿಗೇ ದಿನಕ್ಕೆ ಸರಾಸರಿ 25 ನಿಮಿಷದ ಹೋಂವರ್ಕ್ ಇತ್ತು. ಹೋಂವರ್ಕ್ ಹೆಚ್ಚಿದಂತೆ ಮನೆಯ ಒತ್ತಡವೂ ಹೆಚ್ಚುತ್ತಿತ್ತು. ಹೇಳಿಕೊಡಲು ನನಗೆ ಬರುತ್ತೋ ಇಲ್ಲವೋ ಅನ್ನುವ ಅಳುಕು ಇರುವ ಅಪ್ಪ ಅಮ್ಮಂದಿರ ಮನೆಯಲ್ಲಂತೂ ಇನ್ನೂ ಜಾಸ್ತಿ. ನಿಮ್ಮ ಮನೆಯ ಸಂಜೆ ಆ 25 ನಿಮಿಷವನ್ನೂ ದಾಟಿದೆ.

ಇನ್ನು ಕೈ ನೋವಿನ ವಿಷಯ. ಅದು ನೆಪ ಅಲ್ಲ. ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಿವೆ. ಹುಟ್ಟುವಾಗ ಅವು ಇನ್ನೂ ಮೂಳೆಯಾಗಿರುವುದಿಲ್ಲ, ಮೆತ್ತಗಿನ ಮೃದ್ವಸ್ಥಿ (ಕಾರ್ಟಿಲೇಜ್) ಆಗಿರುತ್ತವೆ. ವರ್ಷ ಕಳೆದಂತೆ ಒಂದೊಂದಾಗಿ ಗಟ್ಟಿಯಾಗುತ್ತಾ ಹೋಗುತ್ತವೆ. ಐದು ವರ್ಷಕ್ಕೆ ಆ ಕೆಲಸ ಮುಗಿದಿರುವುದಿಲ್ಲ. ಪೆನ್ಸಿಲ್ ಹಿಡಿತವೂ ಹಾಗೇ. ಮೊದಲು ಮುಷ್ಟಿಯಲ್ಲಿ ಹಿಡಿಯುತ್ತಾರೆ, ಆಮೇಲೆ ಬೆರಳುಗಳಲ್ಲಿ. ಮೂರು ಬೆರಳಲ್ಲಿ ಹಿಡಿದು, ಬೆರಳನ್ನೇ ಆಡಿಸಿ ಬರೆಯುವುದು ಬಹಳಷ್ಟು ಮಕ್ಕಳಿಗೆ ನಾಲ್ಕೂವರೆಯಿಂದ ಆರು ವರ್ಷದ ನಡುವೆ ಬರುತ್ತದೆ. ಅಲ್ಲಿಯವರೆಗೆ ಮಣಿಕಟ್ಟು, ಕೆಲವೊಮ್ಮೆ ಇಡೀ ತೋಳೇ ಬರೆಯುತ್ತಿರುತ್ತದೆ. ದಣಿಯದೆ ಇರುತ್ತದಾ?

ಮನೆಯಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಬಹುದು. ಖಾಲಿ ಹಾಳೆಯಲ್ಲಿ ನೀವೊಂದು ವೃತ್ತ, ಒಂದು ಕೂಡಿಸುವ ಚಿಹ್ನೆ, ಒಂದು ಚೌಕ, ಒಂದು ತ್ರಿಕೋನ ಬರೆದು, ನೋಡಿಕೊಂಡು ಬರೆ ಅನ್ನಿ. ವೃತ್ತ ಸುಮಾರು ಮೂರು ವರ್ಷಕ್ಕೆ ಬರುತ್ತದೆ, ಕೂಡಿಸುವ ಚಿಹ್ನೆ ನಾಲ್ಕಕ್ಕೆ, ಚೌಕ ಅದಾದ ಸ್ವಲ್ಪ ದಿನಕ್ಕೆ, ತ್ರಿಕೋನ ಐದು ದಾಟುವ ಹೊತ್ತಿಗೆ. ತ್ರಿಕೋನದ ಓರೆ ಗೆರೆಯೇ ಇನ್ನೂ ಸರಿಯಾಗಿ ಬಾರದ ಕೈಗೆ ಪುಟಗಟ್ಟಲೆ ಅಕ್ಷರ ಕೊಟ್ಟರೆ ಕಷ್ಟ ಅಲ್ವಾ?

ಈಗ ಅವಳ ಪುಸ್ತಕ ತೆರೆಯಿರಿ. ಪುಟದ ಮೊದಲ ಸಾಲನ್ನೂ ಕೊನೆಯ ಸಾಲನ್ನೂ ಹೋಲಿಸಿ. ಬಹುತೇಕ ಮೊದಲನೆಯದು ನೇರವಾಗಿರುತ್ತದೆ. ಕೊನೆಯದು ಗೆರೆ ಬಿಟ್ಟು ಮೇಲೆ ಕೆಳಗೆ ಹೋಗಿರುತ್ತದೆ, ಅಕ್ಷರ ಅರ್ಧಂಬರ್ಧ. ಅಂದರೆ ಪುಟದ ಕೆಳಗೆ ಬರುವಷ್ಟರಲ್ಲಿ ಅವಳಿಗೆ ಆಗುತ್ತಿರುವುದು ತಪ್ಪಾಗಿ ಬರೆಯುವ ಅಭ್ಯಾಸ. ಅಂಕಿ ಬರೆಯುವಾಗಲೂ ಪಕ್ಕದಲ್ಲಿ ಕೂತು ನೋಡಿ. 11ರಿಂದ 19 ಬರೆ ಅಂದರೆ ಎಷ್ಟೋ ಮಕ್ಕಳು ಮೊದಲು ಮೇಲಿಂದ ಕೆಳಗೆ ಬರೀ 1, 1, 1 ಗೀಚಿಬಿಡುತ್ತಾರೆ. ಆಮೇಲೆ ಪಕ್ಕದಲ್ಲಿ 1ರಿಂದ 9 ಇಳಿಸುತ್ತಾರೆ. ಪುಟ ತುಂಬುತ್ತದೆ. ಹದಿನಾಲ್ಕು ಅಂದರೆ ಎಷ್ಟು ಅಂತ ಕೇಳಿದರೆ ಮುಖ ನೋಡುತ್ತಾರೆ. ಇದನ್ನು ಸೋಮಾರಿತನ ಅನ್ನಬೇಡಿ. ಬೇಗ ಮುಗಿಸುವ ದಾರಿ ಹುಡುಕಿಕೊಂಡ ಜಾಣತನ ಅದು!

ಹಾಗಂತ ಬರೆಯುವುದೇ ಬೇಡ ಅಂತಲ್ಲ. 2012ರಲ್ಲಿ ಕ್ಯಾರಿನ್ ಜೇಮ್ಸ್ ಎಂಬ ಸಂಶೋಧಕಿ, ಇನ್ನೂ ಓದಲು ಬಾರದ ಐದು ವರ್ಷದ ಆಸುಪಾಸಿನ ಮಕ್ಕಳ ಮೇಲೆ ಮಾಡಿದ ಅಧ್ಯಯನ ಪ್ರಕಟವಾಯಿತು. ಮಕ್ಕಳು ಕೆಲವು ಅಕ್ಷರಗಳನ್ನು ತಾವೇ ಕೈಯಾರೆ ಬರೆದರು, ಕೆಲವನ್ನು ಗುರುತಿನ ಮೇಲೆ ತಿದ್ದಿದರು, ಇನ್ನು ಕೆಲವನ್ನು ಕೀಲಿಮಣೆಯಲ್ಲಿ ಒತ್ತಿದರು. ಆಮೇಲೆ ಅದೇ ಅಕ್ಷರಗಳನ್ನು ತೋರಿಸಿ ಮಿದುಳನ್ನು ಸ್ಕ್ಯಾನ್ ಮಾಡಿದಾಗ, ಓದಲು ಬಳಕೆಯಾಗುವ ಭಾಗಗಳು ಚುರುಕಾದದ್ದು ಸ್ವಂತ ಕೈಯಲ್ಲಿ ಬರೆದ ಅಕ್ಷರಗಳಿಗೆ. ತಿದ್ದಿದ ಅಕ್ಷರಗಳಿಗೆ ಆ ಪರಿಣಾಮ ಕಾಣಲಿಲ್ಲ. ನಿಮ್ಮ ವಿಷಯಕ್ಕೆ ಬಂದರೆ, ಅವಳೇ ಯೋಚಿಸಿ ಬರೆದ ನಾಲ್ಕು ಅಕ್ಷರ ನೀವು ಕೈ ಹಿಡಿದು ಬರೆಸಿದ ಒಂದು ಪುಟಕ್ಕಿಂತ ಮೇಲು. ಕೈ ಹಿಡಿದಾಗ ಯೋಚಿಸುವುದು ನೀವು, ಅವಳ ಕೈ ಸುಮ್ನೆ ಜೊತೆಗೆ ಓಡಾಡುತ್ತಿರುತ್ತದೆ.

ಕೈ ಹಿಡಿದು ಬರೆಸುವುದರಲ್ಲಿ ಇನ್ನೂ ಒಂದು ತೊಂದರೆ ಇದೆ. ಮಿಸ್ ಕೈಗೆ ದಿನಾ ಮೂರು ಪುಟ ಭರ್ತಿಯಾದ ಪುಸ್ತಕ ಸಿಗುತ್ತದೆ. ಅವರಿಗೆ ಕಾಣುವುದೇನು? ಎಲ್ಲ ಮಕ್ಕಳೂ ಆರಾಮಾಗಿ ಮುಗಿಸುತ್ತಿದ್ದಾರೆ ಅಂತ. ನೀವು ಅನುಭವಿಸುವ ಸಂಜೆ ಅವರಿಗೆ ಗೊತ್ತೇ ಆಗುವುದಿಲ್ಲ. ಆದ್ದರಿಂದ ಇವತ್ತಿನಿಂದ ಹೀಗೆ ಮಾಡಿ. ಶಾಲೆಯಿಂದ ಬಂದ ತಕ್ಷಣ ಕೂರಿಸಬೇಡಿ, ಮೊದಲು ಆಡಿ ಬರಲಿ. ಆಮೇಲೆ ಹತ್ತು ನಿಮಿಷ, ಗಡಿಯಾರ ನೋಡಿಕೊಂಡು. ಪ್ರತಿ ಪುಟದಲ್ಲೂ ಒಂದೊಂದು ಸಾಲು ಸಾಕು. ಚೆನ್ನಾಗಿ ಬಂದ ಒಂದು ಅಕ್ಷರಕ್ಕೆ ಅವಳ ಕೈಯಲ್ಲೇ ಸುತ್ತು ಹಾಕಿಸಿ. ಹತ್ತು ನಿಮಿಷ ಆಯಿತೋ, ಪುಸ್ತಕ ಮುಚ್ಚಿ. ಡೈರಿಯಲ್ಲಿ ಬರೆಯಿರಿ: "ಇಷ್ಟನ್ನು ಅವಳೇ ಬರೆದಿದ್ದಾಳೆ. ಆಮೇಲೆ ಕೈ ನೋವು ಅಂದಳು, ನಿಲ್ಲಿಸಿದೆ." ಜಗಳದ ಮಾತು ಬೇಡ. ಒಂದು ವಾರ ಬಿಟ್ಟು ಮಿಸ್ ಹತ್ತಿರ ಹೋಗಿ, "ಈ ತಿಂಗಳು ಅವಳಿಗೆ ಮುಖ್ಯವಾಗಿ ಏನು ಬರಬೇಕು?" ಅಂತ ಕೇಳಿ. ಪುಟದ ಲೆಕ್ಕ ಬಿಟ್ಟು ಕಲಿಕೆಯ ಮಾತು ಶುರುವಾದರೆ ಬಹಳಷ್ಟು ಮಿಸ್‌ಗಳು ಒಪ್ಪುತ್ತಾರೆ. ಅವರಿಗೂ ಮೇಲಿನಿಂದ ಒತ್ತಡ ಇರುತ್ತದೆ, ಅದು ಬೇರೆ ಮಾತು.

ಯಜಮಾನರು ಹೇಳುವ ಅಭ್ಯಾಸ ಒಳ್ಳೆಯದೇ. ಬ್ಯಾಗ್ ಅವಳೇ ಜೋಡಿಸಲಿ. ಡೈರಿ ಅವಳೇ ತಂದುಕೊಡಲಿ. ರಾತ್ರಿ ಅಪ್ಪನೇ ಕೂತು ಒಂದು ಕಥೆ ಓದಿ ಹೇಳಲಿ. ಆ ಸಮಯ ದಿನಾ ತಪ್ಪದಿರಲಿ. ನಿದ್ದೆ ಮಾತ್ರ ಕಡಿಮೆಯಾಗಬಾರದು. ಮೂರರಿಂದ ಐದು ವರ್ಷದ ಮಕ್ಕಳಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು ಅನ್ನುತ್ತಾರೆ ತಜ್ಞರು. ಬೆಳಿಗ್ಗೆ ಆರೂವರೆಗೆ ಏಳುವ ಮಗು ಹಗಲು ಮಲಗದಿದ್ದರೆ ರಾತ್ರಿ ಎಂಟೂವರೆಗೆ ನಿದ್ದೆಯಲ್ಲಿರಬೇಕು. ಮಧ್ಯೆ ಎಷ್ಟು ಹೊತ್ತು ಉಳಿಯುತ್ತದೆ ಅಂತ ನೀವೇ ಲೆಕ್ಕ ಹಾಕಿ.

ಅಕ್ಷರ ಅಥವಾ ಅಂಕಿ ತಿರುಗುಮುರುಗಾಗಿ ಬರೆದರೆ ಗಾಬರಿ ಬೇಡ, ಆರೇಳು ವರ್ಷದವರೆಗೆ ಅದು ಮಾಮೂಲು. ಆದರೆ ಬರೆಯುವುದರ ಜೊತೆಗೆ ಗುಂಡಿ ಹಾಕಿಕೊಳ್ಳುವುದು, ಕತ್ತರಿ ಹಿಡಿಯುವುದು, ಚಮಚದಲ್ಲಿ ತಿನ್ನುವುದು ಎಲ್ಲವೂ ಅವಳಿಗೆ ಕಷ್ಟವಾಗುತ್ತಿದ್ದರೆ, ಇಲ್ಲವೇ ಪುಸ್ತಕವನ್ನು ಮೂಗಿನ ಹತ್ತಿರ ತಂದುಕೊಂಡು ನೋಡುತ್ತಿದ್ದರೆ, ಮಕ್ಕಳ ವೈದ್ಯರಿಗೆ ಒಮ್ಮೆ ತೋರಿಸಿ.

ಪ್ರಶ್ನೆ: ನಮ್ಮದು ಉಲ್ಟಾ ಸಮಸ್ಯೆ. ಮಗನಿಗೆ ನಾಲ್ಕೂವರೆ ವರ್ಷ. ಅವನ ಶಾಲೆಯಲ್ಲಿ ಹೋಂವರ್ಕೇ ಇಲ್ಲ, ಬರೀ ಆಟ, ಹಾಡು, ಮಣ್ಣು. ಪಕ್ಕದ ಮನೆಯ ಅದೇ ವಯಸ್ಸಿನ ಹುಡುಗ ನೂರರವರೆಗೆ ಬರೆಯುತ್ತಾನೆ. ನನ್ನ ಮಗ ಹಿಂದೆ ಬೀಳುತ್ತಾನಾ? ವರ್ಕ್‌ಬುಕ್ ತಂದು ನಾನೇ ಬರೆಸಲಾ?

ಉತ್ತರ: ನಿಮ್ಮ ಮಗ ಅದೃಷ್ಟವಂತ. ವರ್ಕ್‌ಬುಕ್ ಬೇಡ.

ಫಿನ್‌ಲ್ಯಾಂಡಿನಲ್ಲಿ ಮಕ್ಕಳು ಒಂದನೇ ತರಗತಿಗೆ ಸೇರುವುದೇ ಏಳು ತುಂಬುವ ವರ್ಷ. ನ್ಯೂಜಿಲೆಂಡಿನಲ್ಲಿ ಸೆಬಾಸ್ಟಿಯನ್ ಸುಗಾಟೆ ಎಂಬವರು ಐದು ವರ್ಷಕ್ಕೆ ಓದು ಕಲಿಯಲು ಶುರು ಮಾಡಿದ ಮಕ್ಕಳನ್ನೂ ಏಳಕ್ಕೆ ಶುರು ಮಾಡಿದವರನ್ನೂ ಹೋಲಿಸಿದರು. ಹನ್ನೊಂದು ವರ್ಷದ ಹೊತ್ತಿಗೆ ಸರಾಗವಾಗಿ ಓದುವುದರಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಉಳಿದಿರಲಿಲ್ಲ. ಪಕ್ಕದ ಮನೆಯ ಹುಡುಗನ ಈಗಿನ ಮುನ್ನಡೆ ನೋಡಿ ನಿದ್ದೆಗೆಡಬೇಡಿ.

ಈ ವಯಸ್ಸಿನಲ್ಲಿ ಓದಿಗೆ ಬುನಾದಿ ಬೀಳುವುದು ಕಿವಿಯಿಂದ. ಬ್ರಿಟನ್ನಿನ ಸಂಶೋಧಕರಾದ ಬ್ರಾಡ್ಲಿ ಮತ್ತು ಬ್ರಯಂಟ್ 1983ರಲ್ಲೇ ತೋರಿಸಿದ್ದಾರೆ: ಪದಗಳ ಪ್ರಾಸ, ಮೊದಲ ಸದ್ದು ಗುರುತಿಸುವ ನಾಲ್ಕೈದು ವರ್ಷದ ಮಕ್ಕಳು ಮುಂದೆ ಓದಿನಲ್ಲೂ ಚೆನ್ನಾಗಿರುತ್ತಾರೆ. ಇದಕ್ಕೆ ಪುಸ್ತಕವೇ ಬೇಡ. ದಾರಿಯಲ್ಲಿ ಹೋಗುವಾಗ "ಮರ, ಮನೆ, ಕಾಗೆ, ಇದರಲ್ಲಿ ಯಾವುದು ಬೇರೆ ಥರ ಶುರುವಾಗುತ್ತೆ?" ಅಂತ ಕೇಳಿ. ತಪ್ಪು ಹೇಳಿದರೆ ನೀವಿಬ್ಬರೂ ನಕ್ಕುಬಿಡಿ. ಮೆಟ್ಟಿಲು ಹತ್ತುವಾಗ ಎಣಿಸಿ, ಇಳಿಯುವಾಗ ಉಲ್ಟಾ ಎಣಿಸಿ. ಅವನಾಗೇ ಬಂದು "ನನ್ನ ಹೆಸರು ಬರೆದು ತೋರಿಸು" ಅಂದರೆ ಧಾರಾಳವಾಗಿ ತೋರಿಸಿ. ಕೇಳಿದ್ದಕ್ಕಿಂತ ಒಂದು ಸಾಲು ಜಾಸ್ತಿ ಮಾತ್ರ ಬೇಡ.

ಪ್ರಶ್ನೆ: ನಾನು ಎಲ್‌ಕೆಜಿ ಟೀಚರ್. ಹೋಂವರ್ಕ್ ಕೊಡಲು ನನಗೇ ಮನಸ್ಸಿಲ್ಲ. ಆದರೆ ಕೊಡದಿದ್ದರೆ ಪೋಷಕರು ಬಂದು ಶಾಲೆಯಲ್ಲಿ ಏನೂ ಕಲಿಸುವುದಿಲ್ಲ ಅಂತ ದೂರು ಹೇಳುತ್ತಾರೆ. ಆಡಳಿತ ಮಂಡಳಿಯವರೂ ಏನಾದರೂ ಕೊಟ್ಟು ಕಳಿಸಿ ಅನ್ನುತ್ತಾರೆ. ಏನು ಕೊಡಲಿ?

ಉತ್ತರ: ನೀವು ಹೇಳುವುದು ಸರಿ, ಅರ್ಧ ಹೋಂವರ್ಕ್ ಹುಟ್ಟುವುದೇ ಪೋಷಕರ ಭಯದಿಂದ. ಶಾಲೆಯಲ್ಲಿ ಏನು ನಡೆಯುತ್ತದೆ ಅಂತ ಅವರಿಗೆ ಕಾಣುವುದಿಲ್ಲ, ಪುಸ್ತಕ ತುಂಬಿದ್ದರೆ ಸಮಾಧಾನ. ಹಾಗಾಗಿ ಕೊಡಿ, ಆದರೆ ಬರೆಯುವಂಥದ್ದು ಬೇಡ.

ಸಿಗ್ಲರ್ ಮತ್ತು ರಮಣಿ ಎಂಬ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನಿಮಗೆ ಉಪಯೋಗಕ್ಕೆ ಬರುತ್ತದೆ. ಬಡ ಮನೆಗಳ ಪುಟ್ಟ ಮಕ್ಕಳಿಗೆ ಒಂದರಿಂದ ಹತ್ತರವರೆಗೆ ಸಾಲಾಗಿ ಮನೆಗಳಿರುವ ಒಂದು ಆಟ ಆಡಿಸಿದರು. ತಿರುಗಿಸುವ ಮುಳ್ಳು ಒಂದೋ ಎರಡೋ ತೋರಿಸುತ್ತದೆ, ಕಾಯಿ ನಡೆಸುತ್ತಾ ಆ ಮನೆಯ ಅಂಕಿಯನ್ನು ಮಗು ಬಾಯಲ್ಲಿ ಹೇಳಬೇಕು. ಎರಡು ವಾರದಲ್ಲಿ ನಾಲ್ಕು ಸಲ, ಪ್ರತಿ ಸಲ ಸುಮಾರು ಕಾಲು ಗಂಟೆ, ಅಷ್ಟೇ. ಯಾವ ಅಂಕಿ ದೊಡ್ಡದು, ಯಾವುದು ಎಲ್ಲಿ ಬರುತ್ತದೆ ಅನ್ನುವ ತಿಳಿವಳಿಕೆ ಚೆನ್ನಾಗಿ ಸುಧಾರಿಸಿತು. ಅಂಕಿ ಇಲ್ಲದೆ ಬರೀ ಬಣ್ಣದ ಮನೆಗಳಲ್ಲಿ ಆಡಿದವರಿಗೆ ಆ ಲಾಭ ಆಗಲಿಲ್ಲ. ಒಂದು ರಟ್ಟು, ಒಂದು ಸ್ಕೆಚ್ ಪೆನ್, ಎರಡು ಕಾಯಿ ಇದ್ದರೆ ಈ ಆಟ ತಯಾರು. ಮುಳ್ಳಿನ ಬದಲು 1, 2 ಅಂತ ಬರೆದ ಚೀಟಿ ಎತ್ತಿಸಿದರೂ ಆಯಿತು. ಶುಕ್ರವಾರ ಮಕ್ಕಳ ಕೈಯಲ್ಲಿ ಕಳಿಸಿ, ಎಷ್ಟು ಸಲ ಆಡಿದರು ಅಂತ ಹಿಂದೆ ಗುರುತು ಹಾಕಿ ತರಲಿ. ಪೋಷಕರಿಗೆ ಹೋಂವರ್ಕ್ ಸಿಕ್ಕ ಹಾಗೂ ಆಯಿತು.

ಇನ್ನೊಂದು ವಾರ ಕಥೆ ಪುಸ್ತಕ ಕೊಡಿ, ಜೊತೆಗೆ ಒಂದು ಚೀಟಿಯಲ್ಲಿ ಮೂರು ಪ್ರಶ್ನೆ: ಈಗ ಏನಾಗಬಹುದು? ಅವನು ಯಾಕೆ ಹಾಗೆ ಮಾಡಿದ? ನೀನಾಗಿದ್ದರೆ? ಓದುತ್ತಾ ಹೀಗೆ ಮಗುವನ್ನೇ ಮಾತಾಡಿಸುವ ಪದ್ಧತಿಯನ್ನು ವೈಟ್‌ಹರ್ಸ್ಟ್ ಎಂಬ ಸಂಶೋಧಕರ ತಂಡ 1988ರಲ್ಲಿ ಎಳೆಯ ಮಕ್ಕಳ ಜೊತೆ ಪರೀಕ್ಷಿಸಿ ನೋಡಿತು. ಒಂದೇ ತಿಂಗಳಲ್ಲಿ ಆ ಮಕ್ಕಳು ಮಾತಿನಲ್ಲಿ ಉಳಿದವರಿಗಿಂತ ಮುಂದಿದ್ದರು. ಓದಲು ಬಾರದ ಪೋಷಕರು ಚಿತ್ರ ನೋಡಿಕೊಂಡೇ ಕೇಳಬಹುದು, ಅವರನ್ನು ಬಿಡಬೇಡಿ.

ಇಷ್ಟಾದರೂ ಬರೆಯುವ ಹೋಂವರ್ಕೇ ಬೇಕು ಅಂತ ಪಟ್ಟು ಹಿಡಿಯುವವರು ಇದ್ದೇ ಇರುತ್ತಾರೆ. ಮುಂದಿನ ಪೋಷಕರ ಸಭೆಯಲ್ಲಿ ಎಲ್ಲರಿಗೂ ಒಂದು ಹಾಳೆ, ಒಂದು ಪೆನ್ಸಿಲ್ ಕೊಡಿ. ಬಲಗೈಯವರು ಎಡಗೈಯಲ್ಲಿ, ಎಡಗೈಯವರು ಬಲಗೈಯಲ್ಲಿ ಒಂದು ಪುಟ ಅಕ್ಷರ ಬರೆಯಲಿ, ಗೆರೆ ತಪ್ಪದ ಹಾಗೆ. ನಾಲ್ಕನೇ ಸಾಲಿಗೆ ಬರುವಷ್ಟರಲ್ಲಿ ಕೈ ಒದರಲು ಶುರು ಮಾಡುತ್ತಾರೆ. ಆಮೇಲೆ ಆಟದ ರಟ್ಟು ತೋರಿಸಿ ಮಾತಾಡಿ. ಆಡಳಿತ ಮಂಡಳಿಯವರಿಗೂ ಎರಡು ಹಾಳೆ ತೆಗೆದಿಡಿ.