ನೀರಿನ ಯೋಜನೆಯಲ್ಲಿ 'ಸಾರ್ವಜನಿಕ ಹಿತ' ಅಂದ್ರೆ ಯಾರ ಹಿತ?

ಎಲ್ಲಾ ಅಣೆಕಟ್ಟಿನ ಕಡತದಲ್ಲೂ ಈ ಪದ ಇರುತ್ತೆ, ಆದ್ರೆ 'ಸಾರ್ವಜನಿಕರು' ಯಾರು ಅಂತ ಬಿಡಿಸಿ ಹೇಳೋದು ಅಪರೂಪ. ನನ್ನ ಪ್ರಕಾರ ಮೊದಲು ಕೇಳಬೇಕಾದ್ದು ಲೆಕ್ಕಕ್ಕೆ ಯಾರನ್ನು ಹಿಡಿದಿದ್ದಾರೆ, ಯಾರನ್ನು ಬಿಟ್ಟಿದ್ದಾರೆ ಅನ್ನೋದು.

ಕಾವೇರಿಯನ್ನೇ ನೋಡಿ. 2007ರಲ್ಲಿ, ರಾಜ್ಯಗಳ ನಡುವಿನ ನೀರಿನ ಜಗಳ ತೀರ್ಮಾನಿಸೋಕೆ ಇದ್ದ ಕಾವೇರಿ ನ್ಯಾಯಮಂಡಳಿ ಕರ್ನಾಟಕಕ್ಕೆ 270 ಟಿಎಂಸಿ (ಒಂದು ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ) ನೀರು ಹಂಚಿತು. ಬೆಂಗಳೂರಿನ ಮೂರನೇ ಒಂದು ಭಾಗ ಮಾತ್ರ ಕಾವೇರಿ ಜಲಾನಯನದೊಳಗಿದೆ (ಮಳೆನೀರು ಕಾವೇರಿಗೆ ಹರಿದು ಸೇರೋ ಪ್ರದೇಶ) ಅಂತ, ಕುಡಿಯುವ ನೀರನ್ನೂ ಅಷ್ಟಕ್ಕೇ ಲೆಕ್ಕ ಹಾಕಿತ್ತು. ಅಂದ್ರೆ ಒಂದೇ ಊರಿನಲ್ಲಿ ಮಳೆನೀರು ಯಾವ ಕಡೆ ಹರಿಯುತ್ತೆ ಅನ್ನೋದರ ಮೇಲೆ ಬಾಯಾರಿಕೆಯ ಲೆಕ್ಕ! 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪದೆ, ಇಡೀ ನಗರವನ್ನು ಪರಿಗಣಿಸಿ 4.75 ಟಿಎಂಸಿ ಸೇರಿಸಿತು. ತಮಿಳುನಾಡಿಗೆ ಅಂತರ್ಜಲವೂ ಸಿಗುತ್ತೆ ಅನ್ನೋದನ್ನು ಗಣನೆಗೆ ತಗೊಂಡು ಇನ್ನೂ 10 ಟಿಎಂಸಿ ಕೊಟ್ಟಿತು. ಒಟ್ಟು 284.75.

ನದಿಯಲ್ಲಿ ಒಂದು ಹನಿಯೂ ಹೆಚ್ಚಾಗಲಿಲ್ಲ. ಬದಲಾದದ್ದು ವ್ಯಾಖ್ಯಾನ ಅಷ್ಟೇ.

2012ರ ರಾಷ್ಟ್ರೀಯ ಜಲನೀತಿಯೂ ಕುಡಿಯುವ ನೀರನ್ನು ಮುಂದಿಡುತ್ತೆ. ಸರಿಯೇ. ಆದ್ರೆ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಪಂಪ್ ಮಾಡಿ ಬೆಂಗಳೂರಿನ ಎತ್ತರಕ್ಕೆ ತಂದ ಕಾವೇರಿ ನೀರಲ್ಲಿ ಕಾರು ತೊಳೆದರೆ ಅದನ್ನೂ 'ಕುಡಿಯುವ ನೀರು' ಅನ್ನೋದೇ? ಮಂಡ್ಯದ ನಾಲೆಯ ಕೊನೇ ಭಾಗದಲ್ಲಿ ಭತ್ತ ಒಣಗಿಸಿಕೊಂಡ ರೈತ ಈ ಪ್ರಶ್ನೆ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.

ನದಿಯ ಪಾಲು? ನ್ಯಾಯಮಂಡಳಿ ಕಾವೇರಿಯ ಒಟ್ಟು 740 ಟಿಎಂಸಿಯಲ್ಲಿ ಪರಿಸರಕ್ಕೆ ಅಂತ 10 ಇಟ್ಟಿದೆ. ಮೀನಿಗೆ ವಕೀಲರಿಲ್ಲ ನೋಡಿ.